ಕಲ್ಲುಗುಡ್ಡದ ಮೇಲೆ ಉದುರಿಸಿದ ರೊಟ್ಟಿ

ಸತ್ತೂರ, ಧಾರವಾಡ
ಜೂನ್ ೧೨, ಶುಕ್ರವಾರ

ಶಾಂಭವಿಗೆ,

“ಫೋನಿನ್ಯಾಗ ನೀ ಬರೇ ಒದರ್ತಿ ಆಯಿ. ಏನ್ ಹೇಳೂದೈತಿ ಬರದು ಕಳಸು” ಎಂದು ಫೋನು ಕಟ್ ಮಾಡಿದೆಯಲ್ಲ, ತಗೋ, ಬರೆಯುತ್ತಿದ್ದೇನೆ. ಅರವತ್ತೊಂಬತ್ತು ವರ್ಷದವಳನ್ನು ಹಿಡಿದು ಬರೆಯಲು ಕೂರಿಸಿದ ನಿನ್ನ ಸೊಕ್ಕಿಗೆ ಏನು ಹೇಳಲಿ. ನಾನು ಶಾಲೆ ಬಿಟ್ಟದ್ದು ಐದನೇ ಇಯತ್ತೆಯಲ್ಲಿ. ಆಮೇಲೆ ಬರೆದದ್ದೆಂದರೆ ನಮ್ಮ ಖಾನಾವಳಿಯ ಹಲಗೆಯ ಮೇಲೆ ರೊಟ್ಟಿ, ಪಲ್ಯ, ಅನ್ನ, ಸಾರು, ಅಷ್ಟೇ. ರೊಟ್ಟಿ ಬಡಿದು ದಡ್ಡುಗಟ್ಟಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ನಿನ್ನ ಅವ್ವ ನಾಗರತ್ನಾ ನೋಡಲಾರದೆ, “ನೀವು ಹೇಳ್ರಿ ಅತ್ತಿ, ನಾ ಬರೀತೇನಿ” ಎಂದಳು. ಬೇಡ ಎಂದೆ. ಇದರಲ್ಲಿರುವುದು ಅವಳ ಕಿವಿಗೆ ಬಿದ್ದರೆ ಎರಡು ದಿನ ಊಟ ಬಿಡುತ್ತಾಳೆ. ತಪ್ಪು ಇದ್ದರೆ ಇರಲಿ, ಓದು. ನೀನೇನು ಮಾರ್ಕು ಹಾಕಬೇಕಾಗಿಲ್ಲ.

ಇತ್ತ ನಾವೆಲ್ಲ ಕ್ಷೇಮ ಎಂದು ಮೊದಲಿಗೆ ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ. ಜ್ವರ ಇಲ್ಲ, ಮೊಣಕಾಲು ನೋವು ಹಳೆಯದು, ಅದನ್ನು ಹೇಳುತ್ತಿಲ್ಲ. ಹದಿನೈದು ದಿನದ ಹಿಂದೆ ನಾನು ಕಣ್ಣಾರೆ ಕಂಡದ್ದು ಒಂದು, ಮೊನ್ನೆ ಮಂಗಳವಾರ ನಿನ್ನ ಬಾಯಿಂದ ಕೇಳಿದ್ದು ಒಂದು. ಇವೆರಡರಲ್ಲಿ ಯಾವುದರಿಂದ ಹೆಚ್ಚು ದಂಗಾದೆ ಎಂದು ನನಗೇ ತಿಳಿಯುತ್ತಿಲ್ಲ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಹಕ್ಕಿಗಳ ಗುಡ್ಡದ ಮೇಲೆ ಅನ್ನ ಚೆಲ್ಲಿ ಕಾಗೆ ಕರೆದವನು ಎಂದು ಕಾವಲುಗಾರ ಜಾವೀದನನ್ನು ಕೆಲಸದಿಂದ ತೆಗೆದಿದ್ದಾರೆ. ಚೆಲ್ಲಿದವಳು ನಾನು. ಅದು ನಿನಗೆ ಗೊತ್ತು. ಗೊತ್ತಿದ್ದೂ ಅವನೇ ಚೆಲ್ಲಿದ ಎಂದು ಕಾಗದ ಬರೆದವಳು ನೀನು. ಅವನ ಹೆಸರು ಆ ಕಾಗದದಿಂದ ಹೋಗಬೇಕು, ಅವನ ಕೆಲಸ ಅವನಿಗೆ ಬರಬೇಕು. ಈ ಪತ್ರ ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ನಾನು ಬರುವುದಿಲ್ಲ ಎಂದೆ, ನೆನಪಿದೆಯೇ? ಮೇ ತಿಂಗಳು ನಮ್ಮ ಖಾನಾವಳಿಗೆ ಬಿಡುವಿಲ್ಲದ ತಿಂಗಳು. ಎದುರಿನ ದವಾಖಾನೆಯಲ್ಲಿ ರೋಗಿಗಳಿಂದ ಕಾಟು ತುಂಬಿರುತ್ತವೆ, ಕಾಟಿನಷ್ಟೇ ಜನ ಹೊರಗೆ ಪಾವಟಿಗೆಯ ಮೇಲೆ, ಮೆಟ್ಟಿಲು ಮೆಟ್ಟಿಲಿಗೂ ಕೂತಿರುತ್ತಾರೆ. ನೀನೇ ಹಟ ಹಿಡಿದೆ. “ಅರವತ್ತೊಂಬತ್ತು ವರ್ಷಾತು, ಸಮುದ್ರ ನೋಡಿಲ್ಲಂದ್ರ ಹೆಂಗ ಆಯಿ? ಮೂರ್ ದಿನ ಬಾ. ನನ್ನ ಹಕ್ಕಿ ತೋರಸ್ತೇನಿ” ಎಂದೆ. ನಾಲ್ಕು ವರ್ಷದಿಂದ ನೀನು ಆ ಹಕ್ಕಿಗಳ ಬೆನ್ನು ಹತ್ತಿ ಓದುತ್ತಿದ್ದೀ, ಅದೇನು ಅಂಥ ಹಕ್ಕಿ ಎಂದು ನನಗೂ ಇತ್ತು. ಮೂರು ದಿನಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಮೀನು ತಿನ್ನುವ ಊರಿನಲ್ಲಿ ನನಗೆ ಊಟ ಎಲ್ಲಿ ಎಂಬ ಚಿಂತೆ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಎರಡು ಸಲ ವಾಂತಿ ಮಾಡಿಕೊಂಡು, ನಿನ್ನನ್ನು ನಾಲ್ಕು ಸಲ ಬೈದು, ಅಂಕೋಲಾದಾಚೆಯ ಆ ಊರಿಗೆ ಬಂದು ಇಳಿದೆ.

ನಿನ್ನ ಕೋಣೆಯಲ್ಲಿ ಪುಸ್ತಕಕ್ಕೇ ಜಾಗವಿಲ್ಲ. ಅದಕ್ಕೆ ನನ್ನನ್ನು ಜಾವೀದನ ಮನೆಯಲ್ಲಿ ಇರಿಸಿದೆ. ಅವನು ನಿಮ್ಮ ಕಾವಲುಗಾರ, ದೋಣಿಯವನು, ಮೂರು ವರ್ಷದಿಂದ ಆ ಗುಡ್ಡ ಕಾಯುತ್ತಾನೆ ಎಂದೆ. ಅವನ ತಾಯಿ ಶಹಜಹಾನಬೇಗಂ ಬಾಗಿಲಲ್ಲಿ ನಿಂತಿದ್ದಳು. “ನಮ್ಮ ಮನೇಲಿ ಮೀನಿನ ವಾಸನೆ ಇದೆ ಅಜ್ಜಿ, ಮೂಗು ಮುಚ್ಕೊಂಡು ಮಲಗ್ಬೇಕು ನೀವು” ಎಂದು ನಕ್ಕಳು. ನಾನು ಬಿಡುತ್ತೇನೆಯೇ? “ದವಾಖಾನಿ ಔಷಧದ ವಾಸನಿ ಇಪ್ಪತ್ತು ವರ್ಷ ಕುಡದೇನವ್ವಾ, ನಿಮ್ಮ ಮೀನು ನನಗೇನ್ ಮಾಡತೈತಿ” ಎಂದೆ. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಚೀಟಿ ಕೂಡ ಕಿತ್ತಿರದ ಹೊಸ ಪಾತ್ರೆ. ನನ್ನ ಅನ್ನ ಬೇಯಿಸಲೆಂದೇ ಪೇಟೆಗೆ ಹೋಗಿ ತಂದಿದ್ದಳು. ಅದರಲ್ಲಿ ಮೀನು ಎಂದೂ ಬಿದ್ದಿಲ್ಲ ಎಂದು ನಾನು ಕೇಳದೆಯೇ ಆಣೆ ಮಾಡಿದಳು. ನಿನ್ನ ಕಡೆ ತಿರುಗಿ, “ಇಂಥವರ ಮನ್ಯಾಗ ಇಟ್ಟೀಯಲ್ಲ, ಛಲೋ ಮಾಡಿದಿ” ಎಂದೆ. ಅದೂ ನೆನಪಿರಲಿ.

ಮೊದಲನೆಯ ದಿನ ಮುಂಜಾನೆ ದಂಡೆಯ ಗುಡ್ಡದ ತುದಿಗೆ ಕರೆದೊಯ್ದು ದುರ್ಬೀನು ಕೊಟ್ಟೆ. ನೀರಿನ ನಡುವೆ ಒಂದು ಕಲ್ಲುಗುಡ್ಡ. ಕಡಿದು ನಿಲ್ಲಿಸಿದಂತೆ ನೆಟ್ಟಗಿನ ಕಲ್ಲು, ಹುಲ್ಲಿಲ್ಲ, ಗಿಡವಿಲ್ಲ. ಅದರ ಸಂದಿ ಸಂದಿಗೂ ಹಕ್ಕಿ. ಬೆನ್ನು ಮಸಿ ಬಣ್ಣ, ಹೊಟ್ಟೆ ಬಿಳಿ, ತಲೆಗೆ ಕರಿ ಟೊಪ್ಪಿಗೆ, ಹಣೆಯ ಮೇಲೆ ವಿಭೂತಿ ಹಚ್ಚಿದಂತೆ ಬಿಳಿ ಪಟ್ಟಿ. “ಲಿಂಗವಂತರ ಹಕ್ಕಿ ಬಿಡಲೇ ಇವು” ಎಂದೆ. ನೀನು ಹೊಟ್ಟೆ ಹಿಡಿದು ನಕ್ಕೆ. ಕಡಲ ರೀವ ಎಂದು ಹೆಸರು ಹೇಳಿದೆ. ವರ್ಷವಿಡೀ ನೀರಿನ ಮೇಲೆಯೇ ಇರುತ್ತವೆ, ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಬರುತ್ತವೆ, ಒಂದು ಜೋಡಿಗೆ ಒಂದೇ ಮೊಟ್ಟೆ, ಅದು ಹೋದರೆ ಆ ವರ್ಷ ಹೋಯಿತು ಎಂದೆ. ಹತ್ತಿರದಿಂದ ನೋಡುತ್ತೇನೆ ಎಂದು ನಾನು ಕೇಳಲಿಲ್ಲ. ನೀನೇ ಕರೆದೆ.

ದೋಣಿ ಹತ್ತುವಾಗ ಜಾವೀದ ತಡೆದ. ತಲೆ ಕೆರೆದುಕೊಳ್ಳುತ್ತ, “ಮೇಡಂ, ಮೇಲೆ ಹೊರಗಿನವರನ್ನು ಹತ್ತಿಸಬಾರದು ಅಂತ ಪರವಾನಗಿ ಕಾಗದದಲ್ಲಿ ಉಂಟಲ್ಲ” ಎಂದ. ನೀನು, “ಆಯಿ ಒಂದ್ ಸಲ ನೋಡ್ಲಿ ಜಾವೀದ. ಯಾರಿಗೂ ಹೇಳಬ್ಯಾಡ್ರಿ” ಎಂದೆ. ಅವನು ಆಯಿತು ಎಂದ. ನನ್ನನ್ನು ಮಗುವಿನಂತೆ ಹಿಡಿದು ಕಲ್ಲಿನ ಮೇಲೆ ಇಳಿಸಿದ, ದೋಣಿ ನೋಡಿಕೊಳ್ಳಲು ಕೆಳಗೇ ನಿಂತ.

ಮೇಲೆ ಹತ್ತಿ ನೋಡಿದರೆ ನನಗೆ ಮೊದಲನೆಯ ಆಘಾತ. ಗೂಡೇ ಇಲ್ಲ! ಬರಿ ಕಲ್ಲಿನ ಮೇಲೆ ಮೊಟ್ಟೆ. ಒಂದು ಕಡ್ಡಿ ಇಲ್ಲ, ಒಂದು ಎಳೆ ನಾರಿಲ್ಲ. ನಮ್ಮ ಅಟ್ಟದ ಪಾರಿವಾಳಕ್ಕೆ ಕೂಡ ಅಷ್ಟು ತಿಳಿವಳಿಕೆ ಇದೆ. “ಇವೇನ್ ಬಾಳೇಗೇಡಿ ಹಕ್ಕಿ, ಮೊಟ್ಟಿ ಇಡಾಕ ಒಂದು ಚಿಂದಿನಾದ್ರೂ ಹಾಸಬಾರ್ದ?” ಎಂದು ಬೈದೆ. ನೀನು ಪ್ರತಿ ಮೊಟ್ಟೆಯ ಪಕ್ಕ ಬಣ್ಣದಲ್ಲಿ ನಂಬರು ಬರೆದಿದ್ದೆ. ನೂರಾ ಹನ್ನೆರಡು. ಆಗಲೇ ಕೆಲವು ಒಡೆದು ಬೂದಿ ಬಣ್ಣದ ಮರಿ ಹೊರಬಂದಿದ್ದವು. ನೀನು ಬರೆದುಕೊಳ್ಳುತ್ತ ಆಚೆ ಹೋದೆ. “ಇಲ್ಲೇ ಅಲುಗಾಡದ ಕುಂದರು” ಎಂದೆ. ಕೂತೆ.

ನಾನು ಕೂತ ಕಡೆ ಒಂದು ಹಕ್ಕಿ ಕಾವಿಗೆ ಕೂತಿತ್ತು, ನಲವತ್ತೊಂದನೆಯ ನಂಬರು. ನಾನು ಅದನ್ನು ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿತ್ತು. ಬಿಸಿಲು ಏರಿತು. ಕಲ್ಲು ಕಾದ ಹಂಚಾಯಿತು, ನನ್ನ ಸೀರೆಯೊಳಗೆ ಬೆವರು ಹರಿಯಿತು. ಅದು ಏಳಲಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ರೆಕ್ಕೆ ಸ್ವಲ್ಪ ಅಗಲಿಸಿ ಮೊಟ್ಟೆಗೆ ನೆರಳು ಮಾಡಿತ್ತು, ಅಷ್ಟೇ. “ಇದರ ಗಂಡ ಎಲ್ಲಿ ಹೋಗ್ಯಾನ?” ಎಂದು ಕೂಗಿ ಕೇಳಿದೆ. ಅದರ ಜೊತೆಯದು ಮೀನು ಹಿಡಿಯಲು ದೂರ ಹೋಗಿದೆ, ಬರುವುದು ನಾಳೆಯೇ, ಅಲ್ಲಿಯವರೆಗೆ ಇದು ಉಪವಾಸ ಎಂದೆ ನೀನು, ತಲೆ ಕೂಡ ಎತ್ತದೆ.

ನನಗೆ ದವಾಖಾನೆಯ ಪಾವಟಿಗೆ ಕಣ್ಣಿಗೆ ಬಂತು. ಅಲ್ಲಿ ಕೂರುವವರನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಒಳಗೆ ಮಗುವನ್ನೋ ತಾಯಿಯನ್ನೋ ಮಲಗಿಸಿ ಹೊರಗೆ ಕೂತವರು ಎದ್ದು ಬಂದು ಊಟ ಮಾಡುವುದಿಲ್ಲ. ಎದ್ದರೆ ಆ ಹೊತ್ತಿನಲ್ಲೇ ಏನಾದರೂ ಆಗಿಬಿಟ್ಟರೆ ಎಂಬ ಅಂಜಿಕೆ. ಅವರು ಬರುವುದಿಲ್ಲವೆಂದು ನಾನೇ ಬುಟ್ಟಿ ಹಿಡಿದು ಹೋಗುತ್ತೇನೆ. ಕೇಳುವುದಿಲ್ಲ, ಹೆಸರು ವಿಚಾರಿಸುವುದಿಲ್ಲ, ಕೈಯಲ್ಲಿ ರೊಟ್ಟಿ ಇಟ್ಟು ಮುಂದೆ ನಡೆಯುತ್ತೇನೆ. ಕೆಲವರು ಸಿಟ್ಟು ಮಾಡುತ್ತಾರೆ, ನಾನು ಇಟ್ಟೇ ಹೋಗುತ್ತೇನೆ. ಹಿಂದಿರುಗಿ ನೋಡಿದರೆ ತಿನ್ನುತ್ತಿರುತ್ತಾರೆ. ಈ ಕೈಗೆ ಅದೊಂದೇ ಗೊತ್ತು ಶಾಂಭವಿ. ನನ್ನ ಗಂಟಿನಿಂದ ರೊಟ್ಟಿ ತೆಗೆದೆ, ಸಣ್ಣಗೆ ಮುರಿದು ಆ ಹಕ್ಕಿಯ ಮುಂದೆ ಉದುರಿಸಿದೆ.

ಅದು ನೋಡಲೇ ಇಲ್ಲ. ಸೊಕ್ಕಿನ ಹಕ್ಕಿ ಎಂದುಕೊಂಡೆ. ಅಷ್ಟರಲ್ಲಿ ಮೀನಿನ ದೋಣಿಯ ಹಿಂದೆ ಬಂದ ಎರಡು ಕಾಗೆ ಇಳಿದು ಆ ಚೂರುಗಳನ್ನು ಎತ್ತಿದವು. ನನಗೆ ಖುಷಿಯಾಯಿತು ನೋಡು, ಅದನ್ನು ಈಗ ಬರೆಯಲು ನಾಚಿಕೆ. ಯಾರಾದರೂ ಒಬ್ಬರು ಉಂಡರಲ್ಲ ಎಂದು ಇನ್ನೊಂದು ರೊಟ್ಟಿ ಮುರಿದೆ. ಕೆಳಗಿನಿಂದ ಜಾವೀದ, “ಮೇಡಂ, ಕಾಗೆ ಬಂತಲ್ಲ, ಈ ಗುಡ್ಡಕ್ಕೆ ಯಾವತ್ತೂ ಕಾಗೆ ನಿಲ್ಲೋದಿಲ್ಲ” ಎಂದು ಕೂಗಿದ. ಗಾಳಿಗೆ ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಅರ್ಥವಾಗಲಿಲ್ಲ.

ಎರಡನೆಯ ದಿನವೂ ಹೋದೆವು. ನಾನು ಮತ್ತೆ ಉದುರಿಸಿದೆ. ಅಲ್ಲದೆ ನಾವು ಹೋದ ಮೇಲೆ ತಿನ್ನಲಿ ಎಂದು ನಾಲ್ಕು ರೊಟ್ಟಿ ಮುರಿದು ಕಲ್ಲಿನ ಸಂದಿಯಲ್ಲಿ ಚಟ್ನಿಯ ಸಮೇತ ಇಟ್ಟೆ. ಆಗ ನೀನು ನೋಡಿದೆ. ನಿನ್ನ ಮುಖ ಸುಣ್ಣವಾಯಿತು. “ಏನ್ ಮಾಡಿದಿ ಆಯಿ ನೀ! ಇವು ರೊಟ್ಟಿ ತಿನ್ನೂ ಹಕ್ಕಿ ಅಲ್ಲ, ಕಾಗಿಗೆ ದಾರಿ ತೋರಿಸಿದಂಗಾತಲ್ಲ!” ಎಂದು ಕಿರುಚಿದೆ. ಮೊಣಕಾಲೂರಿ ಚೂರು ಆರಿಸತೊಡಗಿದೆ. ನನಗೆ ಸಿಟ್ಟು ಬಂತು. ಹಸಿದವರ ಮುಂದೆ ಅನ್ನ ಇಟ್ಟಿದ್ದಕ್ಕೆ ಬೈಸಿಕೊಂಡವಳಲ್ಲ ನಾನು. “ನನ್ನ ಮ್ಯಾಲೆ ಒದರಬ್ಯಾಡ. ನಿನ್ನ ಹಕ್ಕಿ ಏನ್ ಆಕಾಶದಿಂದ ಇಳದಾವೇನು” ಎಂದು ಮುಖ ತಿರುವಿ ಕೂತೆ. ನಿನಗೆ ಸಹಾಯ ಮಾಡಲಿಲ್ಲ. ಒಂದು ಚೂರನ್ನೂ ಎತ್ತಲಿಲ್ಲ. ದೋಣಿಗೆ ಇಳಿಯುವಾಗ ನನ್ನ ಮಡಿಲಿನಲ್ಲಿ ರೊಟ್ಟಿಯ ಪುಡಿ ಇತ್ತು. ಜಾವೀದ ಅದನ್ನು ನೋಡಿದ. ನನ್ನ ಮುಖ ನೋಡಿದ. ಹುಟ್ಟು ಎತ್ತಿದ.

ಮೂರನೆಯ ದಿನ.

ದೂರದಿಂದಲೇ ಗೊತ್ತಾಯಿತು. ಗುಡ್ಡದ ಮೇಲೆ ಕರಿ ಹೊಗೆ ಎದ್ದಂತೆ ಕಾಗೆ. ಎರಡಿದ್ದದ್ದು ನಲವತ್ತೋ ಐವತ್ತೋ. ನೀನು ದೋಣಿ ನಿಲ್ಲುವ ಮೊದಲೇ ನೀರಿಗೆ ಹಾರಿದೆ. ನನ್ನನ್ನು ಮೇಲೆ ತರಬೇಡವೆಂದು ಕೂಗಿದೆ, ನಾನು ಕೇಳಲಿಲ್ಲ, ಕೈಕಾಲೂರಿ ಹತ್ತಿದೆ. ನೋಡಬಾರದಿತ್ತು. ನೋಡಿದ್ದು ಒಳ್ಳೆಯದೇ ಆಯಿತು. ನೋಡದಿದ್ದರೆ ಇವತ್ತಿಗೂ ನಾನು, ಮಾಡಿದ್ದು ಪುಣ್ಯ ಎನ್ನುತ್ತಿದ್ದೆ.

ಆ ನಲವತ್ತೊಂದನೆಯದರ ಹತ್ತಿರ ಎರಡು ಕಾಗೆ ನಿಂತಿದ್ದವು. ಅದು ಎದ್ದಿರಲಿಲ್ಲ. ಅಷ್ಟು ಗದ್ದಲದಲ್ಲಿ ಹೊಟ್ಟೆಯ ಕೆಳಗೆ ಮೊಟ್ಟೆ ಒತ್ತಿ ಹಿಡಿದು ಕೂತಿತ್ತು. ಒಂದು ಕಾಗೆ ಹಿಂದಿನಿಂದ ಬಂದು ಅದರ ಬಾಲ ಹಿಡಿದು ಜಗ್ಗಿತು. ಸುಮ್ಮನೆ ಆಟ ಆಡುವಂತೆ ಜಗ್ಗಿತು. ಹಕ್ಕಿ ಕೊಕ್ಕು ತೆರೆದು ಹಿಂದಕ್ಕೆ ತಿರುಗಿತು, ಅಷ್ಟೇ ಹೊತ್ತು. ಮುಂದಿದ್ದ ಕಾಗೆ ಮೊಟ್ಟೆ ಎತ್ತಿಕೊಂಡು ಹಾರಿತು. ಇಷ್ಟು ತಿಳಿವಳಿಕೆ, ಇಷ್ಟು ಲೆಕ್ಕಾಚಾರ! ನಾನು “ಹೋ” ಎಂದು ಕೂಗಿದೆ, ಕಲ್ಲು ಬೀಸಿದೆ, ನನ್ನ ಚಪ್ಪಲಿ ಬೀಸಿದೆ. ಪಕ್ಕದ ಸಂದಿಯಿಂದ ಇನ್ನೊಂದು ಕಾಗೆ ಮರಿಯೊಂದನ್ನು ಒಂದೇ ಕಾಲು ಹಿಡಿದು ಎಳೆಯುತ್ತಿತ್ತು. ಮರಿ ಬೂದಿ ಬಣ್ಣದ್ದು, ಅಂಗೈಯಷ್ಟು, ಕೂಗುವುದಕ್ಕೂ ಬರುತ್ತಿರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ಅದರ ತಾಯಿಯೋ ತಂದೆಯೋ ಮೇಲಿನಿಂದ ಎರಗಿ ಎರಗಿ ಕಾಗೆಯ ತಲೆಗೆ ಹೊಡೆಯುತ್ತಿತ್ತು. ಕಾಗೆ ಬಿಡಲಿಲ್ಲ. ಕಲ್ಲಿನ ಮೇಲೆ ನಾನು ಇಟ್ಟಿದ್ದ ರೊಟ್ಟಿಯ ಒಂದು ಚೂರು ಒದ್ದೆಯಾಗಿ ಅಂಟಿಕೊಂಡಿತ್ತು. ಅದನ್ನು ಯಾವ ಕಾಗೆಯೂ ಮುಟ್ಟುತ್ತಿರಲಿಲ್ಲ. ಈಗ ಅವಕ್ಕೆ ರೊಟ್ಟಿ ಏಕೆ ಬೇಕು?

ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ನೀನು, ಜಾವೀದ ಇಬ್ಬರೂ ಬಡಿಗೆ ಹಿಡಿದು ಓಡಾಡಿದಿರಿ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ. ಕಡೆಗೆ ಜಾವೀದ ನಂಬರು ನೋಡುತ್ತ ಒಂದೊಂದೇ ಎಣಿಸಿದ. ನೂರಾ ಹನ್ನೆರಡರಲ್ಲಿ ಉಳಿದದ್ದು ಮೂವತ್ತೊಂದು. ಎಣಿಸಿ ಮುಗಿಸಿ ಅವನು ಗಂಡಸು, ಕೂತು ಅತ್ತ. ನನ್ನ ಎದುರಿಗೆ ಆ ನಲವತ್ತೊಂದನೆಯ ಹಕ್ಕಿ ಮತ್ತೆ ಅದೇ ಜಾಗಕ್ಕೆ ಬಂದು, ರೆಕ್ಕೆ ಸರಿಮಾಡಿಕೊಂಡು, ಖಾಲಿ ಕಲ್ಲಿನ ಮೇಲೆ ಕಾವಿಗೆ ಕೂತಿತು.

ನಿನ್ನ ಅಜ್ಜ ಹೋದಾಗಲೂ ಮೂರನೆಯ ದಿನ ಒಲೆ ಹಚ್ಚಿದವಳು ನಾನು, ಅವತ್ತು ರೊಟ್ಟಿಯ ಗಂಟು ಬಿಚ್ಚಲಿಲ್ಲ. ನೀನು ನನಗೆ ಒಂದು ಮಾತು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮರುದಿನ ಬಸ್ ಹತ್ತಿಸಿ, “ಹುಷಾರಾಗಿ ಹೋಗು” ಎಂದೆ. ಬೈದಿದ್ದರೆ ನನಗೆ ಛಲೋ ಇರುತ್ತಿತ್ತು.

ಇಲ್ಲಿ ಬಂದ ಮೇಲೆ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಸಮುದ್ರ ಹೆಂಗಿತ್ತರಿ ಅತ್ತಿ ಎಂದು ನಾಗರತ್ನಾ ಕೇಳಿದರೆ, ಉಪ್ಪು ಉಪ್ಪು ಇತ್ತು ಎಂದೆ. ಪಾವಟಿಗೆಗೆ ಬುಟ್ಟಿ ಒಯ್ಯಲು ಕಾಲು ಏಳಲಿಲ್ಲ. ಹತ್ತು ದಿನ ನಾಗರತ್ನಾನೇ ಒಯ್ದಳು.

ಹನ್ನೊಂದನೆಯ ದಿನ ಮುಂಜಾನೆ ಹಿಟ್ಟು ನಾದುತ್ತಿದ್ದೆ, ಶಹಜಹಾನಬೇಗಂ ಫೋನು ಮಾಡಿದಳು. ಅಳುತ್ತಿದ್ದಳು. ನಿಮ್ಮ ದೊಡ್ಡ ಮೇಡಂ ಕರುಣಾ ಬಂದಿದ್ದರಂತೆ, ಗುಡ್ಡ ನೋಡಿದರಂತೆ, ಜಾವೀದನನ್ನು ಕರೆದು ನಾಳೆಯಿಂದ ಬರಬೇಡ ಎಂದರಂತೆ. ಊಟದ ಉಳಿಕೆ ಎಸೆದು ಕಾಗೆ ತಂದೆ ಎಂದರಂತೆ. ಊರಿನ ಕೆಲವರು ಆ ಗುಡ್ಡಕ್ಕೆ ಮೊಟ್ಟೆ ಆರಿಸಲು ಹೋಗುತ್ತಿದ್ದರು, ಮೂರು ವರ್ಷ ಅವರನ್ನು ತಡೆದು, ಜಗಳವಾಡಿ, ಒಮ್ಮೆ ಹೊಡೆತವನ್ನೂ ತಿಂದವನು ಅವನು. ಈಗ ಅವರೇ ಮೀನು ಮಾರ್ಕೆಟ್ಟಿನಲ್ಲಿ ಅವನನ್ನು ಕಂಡರೆ ಕಾ ಕಾ ಎಂದು ಕೂಗಿ ನಗುತ್ತಾರಂತೆ. ಜೂನು ಜುಲೈ ಎರಡು ತಿಂಗಳು ಸಮುದ್ರದಲ್ಲಿ ಮೀನುಗಾರಿಕೆ ಬಂದ್, ಬೇರೆಯವರ ದೋಣಿಗೆ ಹೋಗೋಣವೆಂದರೂ ಇಲ್ಲ. ಎಲ್ಲ ಹೇಳಿ ಅವಳು ಕೇಳಿದಳು: “ಅಜ್ಜಿ, ನೀವು ದೊಡ್ಡವರು. ನೀವು ಅಲ್ಲೇ ಇದ್ರಲ್ಲ. ನನ್ನ ಮಗ ಅಲ್ಲಿ ಅನ್ನ ಚೆಲ್ಲಿದ್ನಾ? ಅವನು ಬಾಯೇ ಬಿಡೋದಿಲ್ಲ. ನೀವು ಒಂದು ಮಾತು ಹೇಳಿ.”

ನಾನು ಏನಂದೆ ಗೊತ್ತೇ? “ನನಗೇನ್ ಗೊತ್ತಿಲ್ಲವ್ವ. ನಾ ಮುದುಕಿ, ನನಗ ಕಣ್ಣು ಕಾಣೂದಿಲ್ಲ” ಎಂದೆ.

ಓದಿದೆಯಾ? ಇನ್ನೊಮ್ಮೆ ಓದು. ನನಗಾಗಿ ಹೊಸ ಪಾತ್ರೆ ತಂದವಳಿಗೆ, ನಾನಿದ್ದಷ್ಟು ದಿನ ತನ್ನ ಮನೆಯಲ್ಲಿ ಮೀನು ಬೇಯಿಸದೆ ಇದ್ದವಳಿಗೆ, ನಾನು ಹೇಳಿದ್ದು ಇದು. ಸಂತೆಯಲ್ಲಿ ನಿಂತು ಬೈಯುವಾಗಲೂ ಖರೇ ಮಾತನ್ನೇ ಬೈಯುತ್ತೇನೆ ಎಂದು ಜಂಬ ಪಡುತ್ತಿದ್ದವಳು ನಾನು. ಫೋನು ಇಟ್ಟ ಮೇಲೆ ಕೈ ಹಿಟ್ಟಿನಲ್ಲೇ ಇತ್ತು, ಯಾರದೋ ಕೈ ನೋಡಿದಂತೆ ನೋಡಿದೆ. ಇಷ್ಟು ಸಲೀಸಾಗಿ ಬರುತ್ತದೆಯೇ ಸುಳ್ಳು?

ಆವತ್ತೇ ನಿನಗೆ ಫೋನು ಮಾಡಿದ್ದು. ನಿನಗೂ ಗೊತ್ತಿರಲಿಕ್ಕಿಲ್ಲ, ಗೊತ್ತಾದರೆ ಓಡಿ ಹೋಗಿ ಸರಿಮಾಡುತ್ತೀ ಎಂದೇ ಮಾಡಿದೆ. ನೀನು ತಣ್ಣಗೆ ಹೇಳಿದೆ: “ಗೊತ್ತೈತಿ ಆಯಿ. ರಿಪೋರ್ಟ್ ನಾನ ಬರದೇನಿ. ಈಗ ಖರೇ ಹೇಳಿದ್ರ ನಿನ್ನನ್ನ ಗುಡ್ಡದ ಮ್ಯಾಲೆ ಕರಕೊಂಡು ಹೋಗಿದ್ದೂ ಹೊರಗ ಬರ್ತೈತಿ. ಪರವಾನಗಿ ರದ್ದಾಕ್ಕೈತಿ. ನನ್ನ ನಾಕು ವರ್ಷ ಹಾಳು. ಜಾವೀದಗ ಬ್ಯಾರೆ ಕೆಲಸ ಸಿಗ್ತೈತಿ, ಅವಗೇನ್ ಪಿಎಚ್‌ಡಿ ಐತೇನ್ ಕಳಕೊಳ್ಳಾಕ?”

ನಾನು ಒದರಿದೆ. ಹೌದು, ಒದರಿದೆ. ಒದರದೆ ಏನು ಆರತಿ ಎತ್ತಬೇಕಿತ್ತೇ? ನೀನು ಎಂಟು ದಿನದ ಕೂಸಿದ್ದಾಗಿನಿಂದ ಈ ಮಡಿಲಲ್ಲಿ ಬೆಳೆದವಳು. ಗುಬ್ಬಿಯ ಮರಿ ಬಿದ್ದರೆ ಅಂಗೈಯಲ್ಲಿಟ್ಟು ಶಾಲೆ ತಪ್ಪಿಸಿದವಳು. ಆ ಶಾಂಭವಿಯ ದನಿಯಲ್ಲಿ ಆ ಮಾತು ಕೇಳಿ, ಯಾರೋ ನಂಬರು ತಪ್ಪಿ ಮಾತಾಡುತ್ತಿದ್ದಾರೆ ಎನ್ನಿಸಿತು ನನಗೆ. ಕಾಗೆ ಹೊಟ್ಟೆಗಾಗಿ ಮಾಡಿತು. ನೀನು ಯಾವುದಕ್ಕೆ ಮಾಡಿದೆ? ಕಾವಲುಗಾರ ಉಳಿಕೆ ಎಸೆದಿರಬಹುದು ಎಂದು ಬರೆದಿದ್ದೀಯಂತೆ. ಎಸೆದವಳು ನಾನು, ಆರಿಸಿದವಳು ನೀನು, ನಮ್ಮಿಬ್ಬರ ಕೈಗೂ ರೊಟ್ಟಿಯ ಪುಡಿ ಹತ್ತಿದೆ. ಇದರಲ್ಲಿ ಅವನು ಎಲ್ಲಿಂದ ಬಂದ?

ನಿನ್ನ ನಾಲ್ಕು ವರ್ಷ ನನಗೆ ತಿಳಿಯದು ಎಂದುಕೊಳ್ಳಬೇಡ. ಬಿಸಿಲಲ್ಲಿ ಚರ್ಮ ಸುಲಿದ ನಿನ್ನ ಮೂಗು ನೋಡಿದ್ದೇನೆ. ಒಬ್ಬಳೇ ಆ ಕಲ್ಲಿನ ಮೇಲೆ ಕೂತು ಎಣಿಸಿದ ದಿನಗಳು ಸುಳ್ಳಲ್ಲ. ಆದರೆ ಅವನೂ ಅಲ್ಲೇ ಕೂತಿದ್ದ ತಂಗಿ. ನೀನು ಧಾರವಾಡಕ್ಕೆ ಬಂದು ಹಬ್ಬ ಉಂಡು ಹೋಗುವಾಗಲೂ ಅವನು ಅಲ್ಲೇ ಕೂತಿದ್ದ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನಿನ್ನೆ ಮುಂಜಾನೆ ನಾನೇ ಶಹಜಹಾನಬೇಗಂಗೆ ಫೋನು ಮಾಡಿದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ನಿಂತುಕೊಂಡೇ ಮಾಡಿದೆ. “ಚೆಲ್ಲಿದಾಕಿ ನಾನವ್ವ. ನಿನ್ನ ಮಗ ಅಲ್ಲ. ಅವತ್ತು ನಿನಗ ಸುಳ್ಳು ಹೇಳಿದೆ” ಎಂದೆ. ಬೈಯುತ್ತಾಳೆ ಎಂದು ಕಾದೆ. ಅವಳು ಫೋನು ಇಟ್ಟಳು. ಆ ಟಕ್ ಎಂಬ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ನನಗೆ ಇಷ್ಟು ವಯಸ್ಸಾದ ಮೇಲೆ ಒಬ್ಬಳು ಹೆಂಗಸು ನನ್ನ ಮಾತಿಗೆ ಮರುಮಾತಾಡದೆ ಫೋನು ಇಟ್ಟಳು, ಅದೂ ಸರಿಯಾಗಿಯೇ ಇಟ್ಟಳು.

ಮಧ್ಯಾಹ್ನ ಜಾವೀದ ಫೋನು ಮಾಡಿದ. ನನಗೆ ಸಿಟ್ಟು ಮಾಡಲಿಲ್ಲ. “ಯಾಕೆ ಹೇಳಿದ್ರಿ ಅಜ್ಜಿ, ಅಮ್ಮ ಈಗ ಜಾಸ್ತಿ ಅಳ್ತಾಳೆ” ಎಂದ. “ನಿನಗ ಗೊತ್ತಿತ್ತಲ್ಲೋ, ಕರುಣಾ ಮೇಡಂ ಮುಂದ ಯಾಕ ಬಾಯಿ ಮುಚ್ಚಿಕೊಂಡು ನಿಂತಿ?” ಎಂದು ನಾನೇ ಅವನನ್ನು ಬೈದೆ. ಅವನು ಹೇಳಿದ್ದು ಕೇಳು: “ಮೇಡಂ ಯಾರಿಗೂ ಹೇಳಬೇಡಿ ಅಂದಿದ್ರು ಅಜ್ಜಿ, ನಾನು ಆಯ್ತು ಅಂದಿದ್ದೆ. ಮತ್ತೆ ನೀವು ನಮ್ಮನೆಗೆ ಬಂದವರು. ಮೇಡಂ ಅಲ್ಲೇ ನಿಂತಿದ್ರು. ಅವರೇ ಹೇಳ್ತಾರೆ ಅಂತ ನಾನು ಅವರ ಮುಖ ನೋಡ್ತಾ ಇದ್ದೆ.”

ಶಾಂಭವಿ, ನೀನು ಅಲ್ಲೇ ನಿಂತಿದ್ದೆಯಂತೆ. ಅವನು ನಿನ್ನ ಮುಖ ನೋಡುತ್ತಿದ್ದನಂತೆ.

ನಾನೇ ಕರುಣಾ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿಬಿಡಬಹುದಿತ್ತು. ಜಾವೀದನಿಗೆ ಹಾಗೆಂದೂ ಹೇಳಿದೆ. ಅವನು ಬೇಡ ಎಂದ. “ಮೇಡಂ ಹೇಳ್ಲಿ ಅಜ್ಜಿ. ನೀವು ಹೇಳಿದ್ರೆ ನನಗೆ ಕೆಲಸ ಬರಬಹುದು. ಆಮೇಲೆ ಅವರ ಜೊತೆ ಆ ಗುಡ್ಡಕ್ಕೆ ನಾನು ಹೇಗೆ ಹೋಗ್ಲಿ?” ಎಂದ. ಅದಕ್ಕೇ ನಾನು ಕೈ ಕಟ್ಟಿಕೊಂಡು ಕೂತಿದ್ದೇನೆ, ಅದಕ್ಕೇ ಈ ಕಾಗದ ಮೊದಲು ನಿನಗೆ ಬರುತ್ತಿದೆ.

ಇದರ ಜೊತೆ ಇನ್ನೊಂದು ಹಾಳೆ ಮಡಿಚಿ ಇಟ್ಟಿದ್ದೇನೆ. ಕರುಣಾ ಮೇಡಂಗೆ. ಅದರಲ್ಲಿ, ಸತ್ತೂರಿನಲ್ಲಿ ಖಾನಾವಳಿ ನಡೆಸುವ ಶಿವಲಿಂಗವ್ವ ಎಂಬ ನಾನು ಮೇ ತಿಂಗಳಲ್ಲಿ ಎರಡು ದಿನ ಆ ಗುಡ್ಡದ ಮೇಲೆ ರೊಟ್ಟಿ ಉದುರಿಸಿದೆ, ಹತ್ತುವ ಮೊದಲೇ ಕಾವಲುಗಾರ ಜಾವೀದ ತಡೆದಿದ್ದ, ಅವನ ತಪ್ಪು ಏನೂ ಇಲ್ಲ ಎಂದು ಬರೆದು ಸಹಿ ಮಾಡಿದ್ದೇನೆ. ನೀನು ಕರೆದೊಯ್ದೆ ಎಂದು ಅದರಲ್ಲಿ ಬರೆದಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನಿನ್ನ ಬಾಯಿಂದ ನೀನೇ ಹೇಳು, ಜಾವೀದನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳು. ಪರವಾನಗಿ ಹೋದರೆ ಹೋಗಲಿ. ಓದು ನಿಂತರೆ ಮನೆಗೆ ಬಾ, ನನ್ನ ಪಕ್ಕ ಕೂತು ರೊಟ್ಟಿ ಬಡಿ, ನಿನ್ನನ್ನು ಯಾರೂ ಹಂಗಿಸದಂತೆ ನೋಡಿಕೊಳ್ಳುತ್ತೇನೆ. ಇನ್ನೊಬ್ಬನ ಹೆಸರಿಗೆ ಮಸಿ ಬಳಿದು ತಂದ ಪದವಿಯನ್ನು ಮಾತ್ರ ಈ ಮನೆಯ ಗೋಡೆಗೆ ತೂಗುಹಾಕಲು ನಾನು ಬಿಡುವುದಿಲ್ಲ.

ನನಗೆ ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ, ಸುಮ್ಮನೆ ಇರುತ್ತಿದ್ದೆ. ಮಳೆ ಹಿಡಿದಿದೆ, ನೆನೆಯಬೇಡ, ತಲೆಗೆ ಎಣ್ಣೆ ಹಚ್ಚಿಕೋ. ಶಿವ ನಿನಗೆ ಒಳ್ಳೆಯದು ಮಾಡಲಿ, ನೀನು ಆ ಮನೆಯವರಿಗೆ ಒಳ್ಳೆಯದು ಮಾಡಿದ ಮೇಲೆ ಮಾಡಲಿ.

ನಿನ್ನ ಆಯಿ,
ಶಿವಲಿಂಗವ್ವ

ಜೂನ್ ೨೫ರೊಳಗೆ, ಮೇಡಂ ಮುಂದೆ ಹೇಳಿದೆಯೋ ಇಲ್ಲವೋ ಎಂದು ನನಗೆ ಉತ್ತರ ಬರಬೇಕು.